ಉಪ್ಪು ತಿಂದ ಚಾಸಿ: ಕರಾವಳಿಯಲ್ಲಿ ಪಿಕಪ್ ಸಾಕುವ ಬಗೆ

ಹಲಸಿನ ಹಣ್ಣು ಕೊಳ್ಳುವಾಗ ಬೆರಳಿನ ಗೆಣ್ಣಿನಲ್ಲಿ ಬಡಿದು ನೋಡುತ್ತೇವಲ್ಲ, ಸಂತೆಕಟ್ಟೆಯ ಮೆಕ್ಯಾನಿಕ್ ಒಬ್ಬರು ನನ್ನ ಪಿಕಪ್ಪಿನ ಚಾಸಿಯನ್ನು (ಗಾಡಿಯ ಮೈಯನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟು) ಹಾಗೆಯೇ ಬಡಿದು ನೋಡಿದ್ದರು. ಕೈಯಲ್ಲಿ ಸಣ್ಣ ಸುತ್ತಿಗೆ. ಮುಂದಿನ ಚಕ್ರದ ಬಳಿ ಬಡಿದರೆ 'ಟಣ್' ಅಂದಿತು. ಕ್ಯಾಬಿನ್ ಕೆಳಗೂ 'ಟಣ್'. ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಪ್ಲೇಟು ಜೋಡಿಸಿದ ಸ್ಪ್ರಿಂಗ್) ಚಾಸಿಗೆ ಸೇರುವ ಜಾಗಕ್ಕೆ ಬಂದಾಗ 'ಡಬ್'. ಇನ್ನೊಮ್ಮೆ ಬಡಿದರು. ಅಂಗೈ ಅಗಲದ ತುಕ್ಕಿನ ಹಪ್ಪಳವೊಂದು ಕಳಚಿ ಅವರ ಎದೆಯ ಮೇಲೆ ಬಿತ್ತು. "ಎಂತ ಮಾರಾಯ್ರೆ, ಇಂಜಿನ್ ಶಬ್ದ ಕೇಳಿ ವ್ಯಾಪಾರ ಮಾಡಿದ್ದಾ?" ಅಂದರು.

ಹೌದು, ಅದನ್ನೇ ಮಾಡಿದ್ದೆ. ಸೆಕೆಂಡ್ ಹ್ಯಾಂಡ್ ಗಾಡಿ, ಓಡಿದ್ದು 80 ಸಾವಿರ ಕಿಲೋಮೀಟರ್ ಚಿಲ್ಲರೆ. ಡೀಸೆಲ್ ಇಂಜಿನ್ನಿಗೆ ಅದೆಲ್ಲ ಒಂದು ಓಟವೇ ಅಲ್ಲ. ಆದರೆ ಹಿಂದಿನ ಮಾಲೀಕರು ಅದರಲ್ಲಿ ಮಲ್ಪೆಯಿಂದ ಮೀನು ಸಾಗಿಸುತ್ತಿದ್ದರು. ಮೇಲಿಂದ ಪೈಂಟ್ ಹೊಡೆಸಿ ಮಾರಿದ್ದರು. ವೆಲ್ಡಿಂಗು, ಪ್ಯಾಚು, ಬುಷ್ಷು ಅಂತ ಆಮೇಲೆ ನಾನು ಸುರಿದ ಹಣದ ಲೆಕ್ಕ ಈಗ ಬೇಡ.

ಅಂದು ತಲೆಗೆ ಹೋದ ಮಾತು ಇಷ್ಟೇ. ಘಟ್ಟದ ಮೇಲಿನವರು ಗಾಡಿಯ ವಯಸ್ಸನ್ನು ಕಿಲೋಮೀಟರಿನಲ್ಲಿ ಎಣಿಸಬಹುದು. ನಾವು ಮಳೆಗಾಲದಲ್ಲಿ ಎಣಿಸಬೇಕು. ಇಲ್ಲಿ ಇಂಜಿನ್ ಸಾಯುವ ಮೊದಲೇ ಮೈ ಕೊಳೆಯುತ್ತದೆ. ಆಯಿಲ್ ಯಾವಾಗ ಬದಲಿಸಬೇಕು, ಫಿಲ್ಟರ್ ಯಾವಾಗ ಅನ್ನುವುದು ಸರ್ವಿಸ್ ಪುಸ್ತಕದಲ್ಲಿದೆ, ಅದನ್ನು ನೋಡಿಕೊಂಡರೆ ಸಾಕು. ಕಡಲ ಪಕ್ಕದಲ್ಲಿ ದುಡಿಯುವ ಪಿಕಪ್ಪಿಗೆ ಅದರ ಮೇಲೆ ಇನ್ನೇನು ಬೇಕು ಅನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಒಣಗದ ಉಪ್ಪು

ತುಕ್ಕು ಹಿಡಿಯಲು ಕಬ್ಬಿಣ, ನೀರು, ಆಮ್ಲಜನಕ ಇದ್ದರೆ ಸಾಕು. ಉಪ್ಪು ಬೇಕೇ ಬೇಕು ಅಂತಿಲ್ಲ. ಹಾಗಾದರೆ ಉಪ್ಪು ಮಾಡುವುದೇನು?

ತುಕ್ಕನ್ನು ಒಂದು ಪುಟ್ಟ ಬ್ಯಾಟರಿ ಅಂದುಕೊಳ್ಳಿ. ಒದ್ದೆಯಾದ ತಗಡಿನ ಒಂದು ಕಡೆ ಕಬ್ಬಿಣ ಕರಗುತ್ತದೆ. ಅಲ್ಲಿಂದ ಬಿಟ್ಟುಬಂದ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಕಡೆ ಹೋಗಿ ನೀರು, ಆಮ್ಲಜನಕದ ಜೊತೆ ಸೇರುತ್ತವೆ. ಬ್ಯಾಟರಿಯ ಸುತ್ತು ಪೂರ್ತಿಯಾಗುವುದು ಮೇಲಿರುವ ನೀರಿನ ಮೂಲಕ. ಬರೀ ಮಳೆನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ತುಕ್ಕು ನಿಧಾನ. ಉಪ್ಪು ಬೆರೆತರೆ ದಾರಿ ಸಲೀಸು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ.

ಇದು ಅರ್ಧ ಕಥೆ. ಉಳಿದ ಅರ್ಧ ನಿಮ್ಮ ಅಡುಗೆಮನೆಯಲ್ಲೇ ಇದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಭರಣಿಯ ಕಲ್ಲುಪ್ಪು ತನ್ನಷ್ಟಕ್ಕೇ ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ? ಯಾರೂ ನೀರು ಹಾಕಿರುವುದಿಲ್ಲ. ಗಾಳಿಯ ತೇವಾಂಶ ಸುಮಾರು ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಂತೂ ನಮ್ಮೂರ ಗಾಳಿ ಹೆಚ್ಚಿನ ಹೊತ್ತು ಆ ಗೆರೆಯ ಮೇಲೆಯೇ ಇರುತ್ತದೆ. ಬೇಸಿಗೆಯಲ್ಲೂ ಎಷ್ಟೋ ರಾತ್ರಿ ದಾಟುತ್ತದೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಚಾಸಿಯದ್ದೂ ಅದೇ ಕಥೆ. ಹುಬ್ಬಳ್ಳಿಯ ಗಾಡಿ ಮಳೆಯಲ್ಲಿ ನೆನೆದರೆ ಮರುದಿನದ ಬಿಸಿಲಿಗೆ ಒಣಗುತ್ತದೆ. ಮಲ್ಪೆಯ ಗಾಡಿ ಒಣಗಿದ ಹಾಗೆ ಕಾಣುತ್ತದೆ, ಅಷ್ಟೇ. ಸಂದಿಯಲ್ಲಿ ಕೂತ ಉಪ್ಪು ರಾತ್ರಿ ಮತ್ತೆ ಒದ್ದೆಯಾಗುತ್ತದೆ. ಶೆಡ್ಡಿನಲ್ಲಿ ನಿಂತಿರುವ ಗಾಡಿಗೂ ತುಕ್ಕು ಏರುವುದು ಹೀಗೆ.

ಮೀನಿನ ಲೋಡಿನಲ್ಲಿ ಇದು ಇನ್ನೂ ಜೋರು. ಐಸ್ ಕರಗಿದ ನೀರಿಗೆ ಉಪ್ಪು, ರಕ್ತ, ಜಿಡ್ಡು ಎಲ್ಲ ಸೇರಿ ಬಾಡಿಯ ಜಾಯಿಂಟುಗಳಲ್ಲಿ ಇಳಿಯುತ್ತದೆ. ಅಲ್ಲಿಂದ ಹಿಂದಿನ ಲೈಟಿನ ವೈರು, ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್, ಸ್ಟೆಪ್ನಿ, ಬ್ರೇಕ್ ಪೈಪು. ಕೆಳಗೆ ಟ್ಯಾಂಕ್ ಕಟ್ಟಿ, ಪೈಪಿನಲ್ಲಿ ಆ ನೀರನ್ನು ಅದಕ್ಕೇ ಇಳಿಸಿದರೆ ರಸ್ತೆಯಲ್ಲಿ ಬೈಕಿನವರು ಜಾರಿ ಬೀಳುವುದಿಲ್ಲ. ಗಾಡಿಯೂ ಉಳಿಯುತ್ತದೆ. ಬೈಕಿನವರ ಬೈಗುಳಕ್ಕೆ ಹೆದರಿ ಟ್ಯಾಂಕ್ ಹಾಕಿಸಿದವರೇ ಜಾಸ್ತಿ, ಚಾಸಿಯ ಮೇಲಿನ ಪ್ರೀತಿಯಿಂದ ಹಾಕಿಸಿದವರನ್ನು ನಾನು ಕಂಡಿಲ್ಲ.

ಮೀನು ಸಾಗಿಸದವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಉಳ್ಳಾಲ, ಸುರತ್ಕಲ್, ಕಾಪುವಿನಲ್ಲಿ ಕಡಲ ಗಾಳಿಗೆ ಗಾಡಿ ನಿಲ್ಲಿಸಿ ಬೆಳಿಗ್ಗೆ ಗಾಜಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುನೋಡಿ. ಗೊತ್ತಾಗುತ್ತದೆ.

ತೊಳೆಯುವುದು

ಉಪ್ಪು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲ ಮದ್ದು ಬಾವಿಯ ನೀರೇ. ಆದರೆ ಹೆಚ್ಚಿನವರು ತೊಳೆಯುವುದು ಕಣ್ಣಿಗೆ ಕಾಣುವ ಕಡೆ: ಬಾನೆಟ್ಟು, ಬಾಗಿಲು, ಗಾಜು. ತುಕ್ಕು ಅಲ್ಲಿಂದ ಶುರುವಾಗುವುದಿಲ್ಲ.

ಮೀನು ಇಳಿಸಿದ ದಿನವೇ ತೊಳೆಯಬೇಕು. ನಾಳೆಗೆ ಬಿಟ್ಟರೆ ಜಿಡ್ಡು ಒಣಗಿ ಪದರವಾಗುತ್ತದೆ, ಅದರ ಅಡಿಯಲ್ಲಿ ಉಪ್ಪು ಭದ್ರವಾಗಿ ಕೂರುತ್ತದೆ. ಮೊದಲು ಬರೀ ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಬ್ರಷ್ಷು, ಕೊನೆಗೆ ಮತ್ತೆ ಧಾರಾಳ ನೀರು. ಹಿಂದಿನ ಬಾಗಿಲು ತೆರೆದಿಟ್ಟು, ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿದರೆ ನೀರು ತಾನಾಗಿ ಇಳಿಯುತ್ತದೆ.

ಆಮೇಲೆ ಕೆಳಗೆ ನುಗ್ಗಬೇಕು. ಚಾಸಿಯಲ್ಲಿ ನೀರು ಇಳಿಯಲೆಂದೇ ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು, ಮೀನಿನ ಸಿಪ್ಪೆ ಸೇರಿ ಅವು ಮುಚ್ಚಿಹೋಗಿರುತ್ತವೆ. ಸೈಕಲ್ಲಿನ ಹಳೆಯ ಸ್ಪೋಕ್ ಕಡ್ಡಿ ಹಾಕಿ ತಿವಿಯಿರಿ. ನಾನು ಮೊದಲ ಸಲ ತಿವಿದಾಗ ಒಂದು ತೂತಿನಿಂದ ಕಾಫಿ ಬಣ್ಣದ ನೀರು ಐದು ನಿಮಿಷ ಸುರಿಯಿತು. ಆ ವಾರ ಮಳೆಯೇ ಬಂದಿರಲಿಲ್ಲ! ಗಾಡಿ ಹೊಟ್ಟೆಯೊಳಗೆ ಕೆರೆ ಹೊತ್ತುಕೊಂಡು ತಿರುಗುತ್ತಿತ್ತು.

ಮಡ್‌ಗಾರ್ಡಿನ ಒಳಮಡಿಕೆ, ಕ್ಯಾಬಿನ್ ಹಿಂಬದಿಯ ಸಂದಿ, ಡೀಸೆಲ್ ಟ್ಯಾಂಕಿನ ಬೆಲ್ಟಿನ ಒಳಗು, ಸ್ಪ್ರಿಂಗ್ ಪ್ಲೇಟುಗಳ ನಡುವೆ. ಇಷ್ಟು ಕಡೆ ಪೈಪಿನ ನೀರು ಮುಟ್ಟಿದರೆ ಅರ್ಧ ಕೆಲಸ ಆದ ಹಾಗೆ. ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಗನ್ ಒಳ್ಳೆಯದೇ, ಆದರೆ ಅದನ್ನು ಹತ್ತಿರದಿಂದ ಚಕ್ರದ ಹಬ್ಬಿನ ಸೀಲು, ವೈರಿನ ಕನೆಕ್ಟರ್, ಆಲ್ಟರ್ನೇಟರ್ ಮೇಲೆ ಹಿಡಿಯಲು ಬಿಡಬೇಡಿ. ಸೀಲು ದಾಟಿ ನೀರು ಒಳಗೆ ಹೋದರೆ ಗ್ರೀಸು ಹಾಳು, ಬೇರಿಂಗು ಹಾಳು.

ಬಳಿಯುವುದು, ಬಳಿಯಬಾರದ್ದು

ಇಲ್ಲಿ ಊರಿಗೊಂದು ಶಾಸ್ತ್ರ. ಹಳಬರು ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಸುಟ್ಟ ಇಂಜಿನ್ ಆಯಿಲ್ ಹೊಡೆಸುತ್ತಿದ್ದರು. ಕೆಲವರು ಈಗಲೂ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ತುಕ್ಕು ತಡೆಯುವುದು ಸ್ವಲ್ಪ ನಿಜವೇ. ಆದರೆ ಆ ಎಣ್ಣೆ ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಮಣ್ಣನ್ನು ಅಂಟಿಸಿಕೊಳ್ಳುತ್ತದೆ. ಮೊದಲ ದೊಡ್ಡ ಮಳೆಗೆ ತೊಳೆದು ನಿಮ್ಮದೇ ಬಾವಿಯ ದಾರಿ ಹಿಡಿಯುತ್ತದೆ.

ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುವ ರೂಢಿ ಕರಾವಳಿಯಲ್ಲಿ ಹಳೆಯದು. ಅದು ಗಾಳಿಗೆ ಒಣಗಿ ತೆಳು ಪೊರೆಯಾಗುತ್ತದೆ. ಗಾಡಿಯನ್ನು ತಿನ್ನುವುದೂ ಮೀನು, ಕಾಯುವುದೂ ಮೀನು ಅಂತ ತಮಾಷೆ ಮಾಡಬಹುದು. ಆ ವಾಸನೆಯ ಜೊತೆ ಸಂಸಾರ ಮಾಡುವ ಧೈರ್ಯ ಇದ್ದವರು ಬಳಿಯಿರಿ.

ಹೆಚ್ಚು ಜನ ಮೋಸ ಹೋಗುವುದು ಕಪ್ಪು ರಬ್ಬರಿನಂಥ ಅಂಡರ್‌ಬಾಡಿ ಕೋಟಿಂಗಿನಲ್ಲಿ. ಕೋಟಿಂಗ್ ಕೆಟ್ಟದ್ದಲ್ಲ. ತುಕ್ಕಿನ ಮೇಲೆಯೇ ಹೊಡೆಯುವುದು ಕೆಟ್ಟದ್ದು. ಒಳಗೆ ಉಪ್ಪು, ತೇವ, ಮೇಲೆ ದಪ್ಪ ಪದರ. ಒಳಗಿಂದೊಳಗೆ ತಗಡು ಕರಗುತ್ತಿದ್ದರೂ ಹೊರಗೆ ಕರ್ರಗೆ, ಚಂದಕ್ಕೆ ಕಾಣುತ್ತದೆ. ನನ್ನ ಗಾಡಿಗೂ ಆಗಿದ್ದು ಅದೇ. ಮಾಡಿಸುವುದಾದರೆ ಫೆಬ್ರವರಿ, ಮಾರ್ಚಿನಲ್ಲಿ ಮಾಡಿಸಿ. ಚೆನ್ನಾಗಿ ತೊಳೆಸಿ, ಎರಡು ದಿನ ಬಿಸಿಲಿಗೆ ಒಣಗಿಸಿ, ವೈರ್ ಬ್ರಷ್ಷಿನಲ್ಲಿ ತುಕ್ಕು ಕೆರೆದು, ಪ್ರೈಮರ್ ಹೊಡೆದು, ಆಮೇಲೆ ಕೋಟಿಂಗ್. ವೆಲ್ಡಿಂಗ್ ಆದ ಜಾಗಕ್ಕೆ ಸತುವಿನ ಪ್ರೈಮರ್ ಕೇಳಿ. ಚಾಸಿಯ ಒಳಟೊಳ್ಳಿಗೆ ರಬ್ಬರ್ ಕೋಟಿಂಗ್ ಬೇಡ, ತೆಳುವಾಗಿ ಹರಿದು ಸಂದಿಗೆ ಇಳಿಯುವ ಮೇಣದಂಥದ್ದು ಬೇಕು. ಮೇ ಕೊನೆಗೆ ಮೋಡ ನೋಡಿ ಓಡುವವರಿಗೆ ಇದ್ಯಾವುದೂ ಸರಿಯಾಗಿ ಆಗುವುದಿಲ್ಲ.

ಕೋಟಿಂಗ್ ಹೊಡೆಯುವ ಹುಡುಗರಿಗೆ ಒಂದು ಮಾತು ಹೇಳಿ: ಚಾಸಿ ನಂಬರ್ ಕೊರೆದ ಜಾಗ ಮುಚ್ಚಬಾರದು. ಅಲ್ಲಿಗೆ ಬರೀ ಗ್ರೀಸು ಸವರಿದರೆ ಸಾಕು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಅಲ್ಲಿ ಹೋಗಿ ನಂಬರ್ ಓದಲು ಬರದಿದ್ದರೆ ಸುಮ್ನೆ ಅಲೆದಾಟ.

ಬಾಡಿಯ ನೆಲಕ್ಕೆ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟ್ ಹೊಡೆಸುವುದು ಈಗ ಸಾಮಾನ್ಯ. ಅಲ್ಯೂಮಿನಿಯಂಗೆ ತುಕ್ಕಿಲ್ಲ, ಹಾಗಾಗಿ ಚಿಂತೆಯಿಲ್ಲ ಅನ್ನುವ ಲೆಕ್ಕ. ಆದರೆ ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ನಿಂತರೆ ಮತ್ತೆ ಅದೇ ಬ್ಯಾಟರಿ. ಈ ಜೋಡಿಯಲ್ಲಿ ಕರಗುವುದು ಅಲ್ಯೂಮಿನಿಯಂ. ರಿವೆಟ್ಟಿನ ಸುತ್ತ ಬಿಳಿ ಹಿಟ್ಟು ಕಂಡರೆ ಅದೇ. ಸಂದಿಯಲ್ಲಿ ನೀರು ನಿಂತ ಮೇಲೆ ಅಡಿಯ ಕಬ್ಬಿಣವೂ ಹಾಳೇ. ಪ್ಲೇಟ್ ಹಾಕಿಸುವ ಮೊದಲು ಕೆಳಗಿನ ತಗಡಿಗೆ ಚೆನ್ನಾಗಿ ಪೈಂಟ್ ಆಗಲಿ, ನಡುವೆ ರಬ್ಬರ್ ಶೀಟ್ ಇರಲಿ, ಅಂಚಿಗೆ ಸೀಲಂಟ್ ಎಳೆಸಿ. ನಿತ್ಯ ಮೀನಿನ ಲೋಡ್ ಇರುವವರಿಗೆ ಜಾಯಿಂಟ್ ಇಲ್ಲದ ಫೈಬರ್ ಲೈನಿಂಗೇ ವಾಸಿ ಅಂತ ನನ್ನ ಅಭಿಪ್ರಾಯ.

ಬ್ಯಾಟರಿಯನ್ನು ಬೈಯುವ ಮೊದಲು

ಒಂದು ಜೂನ್ ಬೆಳಿಗ್ಗೆ ನನ್ನ ಗಾಡಿ ಸ್ಟಾರ್ಟ್ ಆಗಲಿಲ್ಲ. 'ಟಿಕ್ ಟಿಕ್' ಅನ್ನುತ್ತದೆ, ಅಷ್ಟೇ. ಒಂದು ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ ಅಂದರು. ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರಕ್ಕೆ ಮತ್ತೆ 'ಟಿಕ್ ಟಿಕ್'. ಸ್ಟಾರ್ಟರ್ ಮೋಟರ್ ಬಿಚ್ಚಿಸಿದ್ದಾಯಿತು. ಕೊನೆಗೆ ಸಿಕ್ಕಿಬಿದ್ದಿದ್ದು ಒಂದು ಬೋಲ್ಟು. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ ಕೂರುವ ಅರ್ತ್ ಬೋಲ್ಟಿನ ಅಡಿ ಉಗುರಿನಷ್ಟು ದಪ್ಪ ತುಕ್ಕು.

ಗಾಡಿಯಲ್ಲಿ ಕರೆಂಟು ಪಾಸಿಟಿವ್ ವೈರಿನಲ್ಲಿ ಹೋಗಿ, ವಾಪಸ್ ಬರುವುದು ಇಂಜಿನ್ ಮತ್ತು ಚಾಸಿಯ ಲೋಹದ ಮೂಲಕವೇ. ಲೈಟ್ ಉರಿಯಲು ಸ್ವಲ್ಪ ಕರೆಂಟು ಸಾಕು, ಹೇಗೋ ನುಸುಳಿಕೊಂಡು ಬರುತ್ತದೆ. ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು. ತುಕ್ಕಿನ ಗೋಡೆ ದಾಟಿ ಅಷ್ಟು ಬರುವುದಿಲ್ಲ. ಒಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ನೋಡಬಹುದು. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಲೋಹಕ್ಕೆ ಹಿಡಿದು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಮೀಟರಿನಲ್ಲಿ 0.2 ವೋಲ್ಟಿನ ಒಳಗೆ ಬಂದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೇಬಲ್ ಬಿಚ್ಚಿ, ಎರಡೂ ತುದಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣಮಿಣ ಅನ್ನುತ್ತದೆಯೇ? ಅದೂ ಹೆಚ್ಚಾಗಿ ಹಿಂದಿನ ಲೈಟಿನ ಅರ್ತ್ ಹೋದದ್ದೇ.

ಲೋಡು, ಪ್ಲೇಟು, ಬ್ರೇಕು

ಕೆಂಪು ಕಲ್ಲು (ಮುರಕಲ್ಲು) ಸಾಗಿಸುವವರು ಲೋಡನ್ನು ಕಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆ, ಕಿಲೋದಲ್ಲಲ್ಲ. ಅಳತೆ ನೋಡಿಕೊಂಡು ಒಂದು ಕಲ್ಲು 25ರಿಂದ 35 ಕಿಲೋ ಬರುತ್ತದೆ. ಐವತ್ತು ಕಲ್ಲಿಗೇ ಒಂದೂವರೆ ಟನ್ನಿನ ಹತ್ತಿರ. ಮುರಕಲ್ಲು ತೂತು ತೂತು, ಮಳೆಯಲ್ಲಿ ನೀರು ಕುಡಿದರೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಸರಿಯಿದ್ದ ಲೋಡು ಜುಲೈಯಲ್ಲಿ ಓವರ್‌ಲೋಡ್ ಆಗುವುದು ಹೀಗೆ.

ಇದಕ್ಕೆ ಎಲ್ಲರ ಮದ್ದು ಒಂದೇ. ಸ್ಪ್ರಿಂಗಿಗೆ ಒಂದು ಎಕ್ಸ್‌ಟ್ರಾ ಪ್ಲೇಟ್. ಗಾಡಿ ಕೂರುವುದಿಲ್ಲ, ನೋಡಲು ಗಟ್ಟಿ. ಆದರೆ ಅದರ ಹಿಂದೆ ಒಂದು ಅಪಾಯ ಇದೆ, ಅದನ್ನು ಪ್ಲೇಟ್ ಹಾಕುವವರು ಹೇಳುವುದು ಕಡಿಮೆ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸಲಾಕೆ ಅಥವಾ ಸ್ಪ್ರಿಂಗ್ ಇರುತ್ತದೆ. ಅದು ಒಂದು ವಾಲ್ವಿಗೆ ಸೇರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅನ್ನುತ್ತಾರೆ. ಗಾಡಿ ಖಾಲಿ ಇದ್ದಾಗ ಚಾಸಿ ಎತ್ತರದಲ್ಲಿರುತ್ತದೆ. ಆಗ ವಾಲ್ವು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಗುರಾದ ಹಿಂಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಲೋಡ್ ಬಿದ್ದರೆ ಚಾಸಿ ಕೆಳಗಿಳಿಯುತ್ತದೆ, ವಾಲ್ವು ಹಿಂದಕ್ಕೂ ಪೂರ್ತಿ ಒತ್ತಡ ಬಿಡುತ್ತದೆ.

ಈಗ ಎಕ್ಸ್‌ಟ್ರಾ ಪ್ಲೇಟ್ ಹಾಕಿದಿರಿ ಅನ್ನಿ. ಎರಡು ಟನ್ ಹೇರಿದರೂ ಚಾಸಿ ಇಳಿಯುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಅಂತಲೇ ತಿಳಿಯುತ್ತದೆ. ಹಿಂದಿನ ಬ್ರೇಕು ಅರೆಬರೆ. ಚಾರ್ಮಾಡಿ ಇಳಿಯುವಾಗ ಇಡೀ ಭಾರವನ್ನು ಮುಂದಿನ ಬ್ರೇಕೇ ಹಿಡಿಯಬೇಕು, ಅದು ಕಾಯ್ದು ಕೆಂಪಾಗುತ್ತದೆ. ಇನ್ನು ಸಲಾಕೆಯ ಕೀಲಿಗೆ ತುಕ್ಕು ಹಿಡಿದು ಲೋಡಿನ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಉಲ್ಟಾ ಕಥೆ. ಖಾಲಿ ಗಾಡಿ, ಮಳೆ, ಒಂದು ಗಟ್ಟಿ ಬ್ರೇಕು, ಹಿಂಭಾಗ ಮುಂದೆ ಬಂದು ನಿಲ್ಲುತ್ತದೆ. ಪ್ಲೇಟ್ ಕೆಲಸ ಆದ ಮೇಲೆ ಆ ವಾಲ್ವಿನ ಸೆಟ್ಟಿಂಗ್ ಸರಿ ಮಾಡಿಸಬೇಕು, ಪ್ರತಿ ಸರ್ವಿಸಿನಲ್ಲಿ ಕೀಲು ಅಲ್ಲಾಡುತ್ತದೆಯೇ ಅಂತ ಕೈಯಿಂದ ನೋಡಬೇಕು. ಎಲ್ಲಕ್ಕಿಂತ ಒಳ್ಳೆಯದು, ಆರ್‌ಸಿಯಲ್ಲಿ ಬರೆದ ತೂಕಕ್ಕೆ ನಿಲ್ಲುವುದು.

ಬ್ರೇಕ್ ಆಯಿಲ್ ವಿಷಯವೂ ಇಲ್ಲೇ ಬರುತ್ತದೆ. ಅದೂ ಉಪ್ಪಿನ ಹಾಗೆಯೇ ಗಾಳಿಯಿಂದ ನೀರು ಹೀರುವ ವಸ್ತು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಆಗುಂಬೆಯ 14 ತಿರುವುಗಳನ್ನು ಬರೀ ಬ್ರೇಕಿನಲ್ಲೇ ಇಳಿದರೆ ಆ ಬಿಸಿ ಸುಲಭವಾಗಿ ಬರುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡ ದಾಟಿಸುವುದಿಲ್ಲ. ಪೆಡಲ್ ಸ್ಪಂಜಿನ ಹಾಗೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ, ಮೇಲಿಂದ ಟಾಪ್-ಅಪ್ ಮಾಡಿದರೆ ಸಾಲದು. ಹತ್ತುವ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಕೀ ಆಫ್ ಮಾಡುವವರು ಈಗಲೂ ಇದ್ದಾರೆ. ಇಂಜಿನ್ ನಿಂತರೆ ಬ್ರೇಕಿನ ಬೂಸ್ಟರೂ ಇಲ್ಲ, ಪವರ್ ಸ್ಟೇರಿಂಗೂ ಇಲ್ಲ. ಉಳಿಸುವುದು ಎಷ್ಟು, ಕಾಲು ಲೀಟರ್?

ಟಯರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕಾನೂನಿನ ಪ್ರಕಾರ ಟಯರಿನ ಗೀರು 1.6 ಮಿಲಿಮೀಟರ್ ಆಳ ಉಳಿದರೂ ಸಾಕು, ನಮ್ಮ ಮಳೆಗೆ 3 ಮಿಲಿಮೀಟರಿಗೇ ಬದಲಿಸುವುದು ಒಳ್ಳೆಯದು. ಲೋಡಿಗೆ ಹಾಕಿದ ಗಾಳಿಯಲ್ಲೇ ಖಾಲಿ ಓಡಿಸಿದರೆ ಹಿಂದಿನ ಚಕ್ರ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಬಿಚ್ಚಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಇಳಿಸಿ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಬೆಲೆ ಒಮ್ಮೆ ಕೇಳಿಕೊಂಡರೆ ಮರೆಯುವುದಿಲ್ಲ.

ನೀರಿಗಿಳಿದ ಮೇಲೆ

ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದು ಮಂಗಳೂರಿನವರಿಗೆ ಹೊಸತಲ್ಲ. ಪಿಕಪ್ ಎತ್ತರ ಇದೆ ಅಂತ ನುಗ್ಗಿಸುತ್ತೇವೆ, ದಾಟುತ್ತದೆ ಕೂಡ. ತೊಂದರೆ ಆಗುವುದು ಆಮೇಲೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಹಿಂದಿನ ಆಕ್ಸಲಿನ ನಡುವಿನ ಗೇರಿನ ಗೂಡು) ಒಮ್ಮೆಲೇ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ಇಟ್ಟ ಬ್ರೀದರ್ ತೂತಿನಿಂದ, ಸವೆದ ಸೀಲಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಥ ನೀರು ದಾಟಿದ ವಾರದೊಳಗೆ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಹಾಗಿದ್ದರೆ ಬದಲಿಸಲೇಬೇಕು. ಹಬ್ಬಿನ ಗ್ರೀಸನ್ನೂ ಆಗಲೇ ನೋಡಿಸಿ. ಇಂಜಿನ್ ನೀರಿನ ನಡುವೆ ನಿಂತುಬಿಟ್ಟರೆ ಮಾತ್ರ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಳೆಸಿಕೊಂಡು ಹೋಗುವುದೇ ಅಗ್ಗ.

ಮೀನುಗಾರಿಕೆ ನಿಂತಾಗ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, 61 ದಿನ. ಮೀನಿನ ಪಿಕಪ್‌ಗಳಲ್ಲಿ ಎಷ್ಟೋ ಈ ಎರಡು ತಿಂಗಳು ಅಂಗಳದಲ್ಲೇ ನಿಲ್ಲುತ್ತವೆ. ಗಾಡಿ ಅತಿ ಹೆಚ್ಚು ಹಾಳಾಗುವುದು ಆಗಲೇ.

ನಿಲ್ಲಿಸುವ ಮೊದಲು ಮೇಲೆ ಹೇಳಿದ ಹಾಗೆ ತೊಳೆಯಿರಿ, ಮೇ ಕೊನೆಯ ಬಿಸಿಲಿಗೆ ಒಣಗಿಸಿ. ಟ್ಯಾಂಕ್ ತುಂಬಿಸಿಡಿ, ಖಾಲಿ ಟ್ಯಾಂಕಿನ ಗೋಡೆಗೆ ನೀರ ಹನಿ ಕೂರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಎರಡು ತಿಂಗಳಲ್ಲಿ ಬ್ರೇಕಿನ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ. ಟಾರ್ಪಾಲಿನಿಂದ ಮೂಟೆ ಕಟ್ಟಿದ ಹಾಗೆ ಸುತ್ತಲೂಬೇಡಿ. ಮೇಲೆ ಮಾಡು ಇರಲಿ, ಬದಿಯಲ್ಲಿ ಗಾಳಿ ಆಡಲಿ. ತೆಂಗಿನ ಮರದ ಅಡಿ ಬೇಡ ಅಂತ ಹೇಳಬೇಕಾಗಿಲ್ಲ, ಆದರೂ ಪ್ರತಿ ವರ್ಷ ಯಾರದ್ದಾದರೂ ಒಂದು ಗಾಜು ಹೋಗುತ್ತದೆ.

ಆಗಸ್ಟಿನಲ್ಲಿ ಎಬ್ಬಿಸುವಾಗ ಮೊದಲು ಬಾನೆಟ್ ತೆರೆದು ಇಲಿ ಗೂಡು ಕಟ್ಟಿದೆಯೇ, ವೈರು ಕಡಿದಿದೆಯೇ ನೋಡಿ. ಡ್ರಮ್ಮು ಕಚ್ಚಿದ್ದರೆ ಎಕ್ಸಿಲೇಟರ್ ಒತ್ತಿ ಬಿಡಿಸಲು ಹೋಗಬೇಡಿ, ಲೈನರ್ ಕಿತ್ತು ಬರುತ್ತದೆ. ಚಕ್ರ ಬಿಚ್ಚಿ ಡ್ರಮ್ಮಿಗೆ ಸುತ್ತಲೂ ಮೆಲ್ಲಗೆ ಬಡಿಯಿರಿ. ಆಮೇಲೆ ಖಾಲಿ ಗಾಡಿಯಲ್ಲೇ ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕಾರು ಸಲ ಬ್ರೇಕ್ ಹಿಡಿದು, ಇಳಿದು, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಬೇರೆಯದಕ್ಕಿಂತ ಜಾಸ್ತಿ ಕಾದಿದ್ದರೆ ಅದರ ಬ್ರೇಕ್ ಬಿಟ್ಟಿಲ್ಲ. ಮಲ್ಪೆಗೆ ಲೋಡಿಗೆ ಹೋಗುವುದು ಅದನ್ನು ಸರಿ ಮಾಡಿಸಿದ ಮೇಲೆ.